ವಿದೇಶಿ ಲ್ಯಾಬ್ ಜೊತೆ ಮೊದಲ ಹೆಜ್ಜೆ: ಸೀಡ್ ಗ್ರಾಂಟ್ ಹಣವನ್ನು ಯಾವುದಕ್ಕೆ ಬಳಸಬೇಕು?

ಪ್ರಶ್ನೆ: ನಾನು ವಿಶ್ವವಿದ್ಯಾಲಯವೊಂದರಲ್ಲಿ ಸಹಾಯಕ ಪ್ರಾಧ್ಯಾಪಕಿ. ಕೆಲಸಕ್ಕೆ ಸೇರಿ ಮೂರು ವರ್ಷವಾಯಿತು. ಕೃಷಿ ಮಣ್ಣಿನ ಸೂಕ್ಷ್ಮಜೀವಿಗಳ ಮೇಲೆ ಸಂಶೋಧನೆ ಮಾಡುತ್ತೇನೆ. ಕಳೆದ ವರ್ಷ ಒಂದು ಸಮ್ಮೇಳನದಲ್ಲಿ ಬೇರೆ ದೇಶದ ಸಂಶೋಧಕರೊಬ್ಬರ ಪರಿಚಯವಾಯಿತು. ಅವರು ಜೀನ್ ಸೀಕ್ವೆನ್ಸಿಂಗ್ (ಡಿಎನ್ಎಯಲ್ಲಿರುವ ಅಕ್ಷರಗಳ ಕ್ರಮವನ್ನು ಓದುವುದು) ಮತ್ತು ಕಂಪ್ಯೂಟರ್ ಮಾಡೆಲಿಂಗ್‌ನಲ್ಲಿ ಪಳಗಿದವರು. ನನ್ನ ಹತ್ತಿರ ಹಲವು ವರ್ಷಗಳ ಮಣ್ಣಿನ ಸ್ಯಾಂಪಲ್‌ಗಳಿವೆ. ಈಗ ನಮ್ಮ ವಿಶ್ವವಿದ್ಯಾಲಯ ಅಂತರರಾಷ್ಟ್ರೀಯ ಸಹಯೋಗಕ್ಕೆಂದು ಒಂದು ವರ್ಷದ ಸೀಡ್ ಗ್ರಾಂಟ್‌ಗೆ, ಅಂದರೆ ಕೆಲಸ ಶುರು ಮಾಡಲು ಕೊಡುವ ಅನುದಾನಕ್ಕೆ, ಅರ್ಜಿ ಕರೆದಿದೆ. ಮೊತ್ತ ಚಿಕ್ಕದು. ಸಂಬಳಕ್ಕಾಗಲಿ ಯಂತ್ರಕ್ಕಾಗಲಿ ಖರ್ಚು ಮಾಡುವಂತಿಲ್ಲ. ಹಿರಿಯ ಸಹೋದ್ಯೋಗಿಯೊಬ್ಬರು "ಮೊದಲು ಎರಡೂ ಸಂಸ್ಥೆಗಳ ನಡುವೆ ಎಂಒಯು (ತಿಳಿವಳಿಕೆ ಪತ್ರ) ಆಗಲಿ, ಆಮೇಲೆ ಅರ್ಜಿ ಹಾಕಿ" ಎನ್ನುತ್ತಾರೆ. ಇನ್ನೊಬ್ಬರು "ಜೊತೆಯಾಗಿ ಒಂದು ಪೇಪರೂ ಇಲ್ಲ, ನಿಮಗೆ ಸಿಗೋದಿಲ್ಲ ಬಿಡಿ" ಎಂದರು. ಆ ವಿದೇಶಿ ಸಂಶೋಧಕರಿಗೆ ನನ್ನ ಐಡಿಯಾ ಪೂರ್ತಿ ಹೇಳಿಬಿಟ್ಟರೆ, ಅವರೇ ಮಾಡಿಕೊಂಡರೆ ಏನು ಗತಿ? ವರ್ಷದ ಕೊನೆಗೆ ದೊಡ್ಡ ಗ್ರಾಂಟ್ ಬರದಿದ್ದರೆ ನನ್ನ ಹೆಸರಿಗೆ ಕಪ್ಪುಚುಕ್ಕೆ ಆಗುತ್ತದೆಯೇ? ಇಷ್ಟು ಹಣದಲ್ಲಿ ಏನು ತಾನೇ ಮಾಡಲು ಸಾಧ್ಯ?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕೈದು ಪ್ರಶ್ನೆಗಳಿವೆ. ಎಲ್ಲದರ ಕೆಳಗೂ ಇರುವುದು ಒಂದೇ ಆತಂಕ. ಎರಡು ದಿನ ಮಾತಾಡಿದ ಪರಿಚಯವನ್ನು ನಂಬಿ ನನ್ನ ಸ್ಯಾಂಪಲ್, ನನ್ನ ಐಡಿಯಾ, ನನ್ನ ಒಂದು ವರ್ಷ ಇವನ್ನೆಲ್ಲ ಒಪ್ಪಿಸಬಹುದೇ ಎಂಬುದು. ಇದು ಸರಿಯಾದ ಆತಂಕ. ಅದನ್ನು ಅದುಮಿಟ್ಟು ಅರ್ಜಿ ಬರೆಯಬೇಡಿ. ಆ ಆತಂಕಕ್ಕೆ ಉತ್ತರ ಹುಡುಕುವುದೇ ನಿಮ್ಮ ಅರ್ಜಿಯ ವಿಷಯ ಆಗಬೇಕು.

ನಾನು ವಿಶ್ವವಿದ್ಯಾಲಯದ ಸಂಶೋಧನಾ ಕಚೇರಿಯಲ್ಲಿ ಬಹಳ ವರ್ಷ ಕೆಲಸ ಮಾಡಿದ್ದೇನೆ. ಸೀಡ್ ಗ್ರಾಂಟ್ ಅರ್ಜಿಗಳನ್ನು ಓದಿದ್ದೇನೆ, ವರ್ಷದ ನಂತರ ಅವರ ವರದಿಗಳನ್ನೂ ಓದಿದ್ದೇನೆ. ಸೋತ ಅರ್ಜಿಗಳಲ್ಲಿ ನಾನು ಮತ್ತೆ ಮತ್ತೆ ಕಂಡ ತಪ್ಪು ಒಂದೇ. ಮೂರು ವರ್ಷದ ಸಂಶೋಧನೆಯನ್ನು ಹಿಂಡಿ ಒಂದು ವರ್ಷಕ್ಕೆ ತುರುಕಿರುತ್ತಾರೆ. ಸೀಡ್ ಗ್ರಾಂಟ್ ಎಂದರೆ ದೊಡ್ಡ ಗ್ರಾಂಟಿನ ಚಿಕ್ಕ ತಮ್ಮ ಎಂದು ಅವರ ಭಾವನೆ. ಹಾಗಲ್ಲ. ಹೊಲಕ್ಕೆಲ್ಲ ಬಿತ್ತುವ ಮುಂಚೆ ಒಂದು ಹಿಡಿ ಬೀಜವನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರುತ್ತದೆಯೇ ಎಂದು ನೋಡುತ್ತಾರಲ್ಲ, ಇದು ಆ ಕೆಲಸಕ್ಕೆ ಕೊಡುವ ಹಣ. ಆ ಒಂದು ಹಿಡಿಯಿಂದ ಯಾರೂ ಫಸಲು ಕೇಳುವುದಿಲ್ಲ. ಈ ಎರಡು ಲ್ಯಾಬ್‌ಗಳು ಒಟ್ಟಿಗೆ ಕೆಲಸ ಮಾಡಬಲ್ಲವೇ, ದೊಡ್ಡ ಹಣ ಕೇಳುವಷ್ಟು ಗಟ್ಟಿ ವಿಷಯ ಇದರಲ್ಲಿ ಇದೆಯೇ, ಇಷ್ಟೇ ಪ್ರಶ್ನೆ.

ಬೇರೆ ಕಡೆ ಇಂಥ ಹಣವನ್ನು ಹೇಗೆ ಕೊಡುತ್ತಾರೆ ನೋಡಿ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಿಗೆ ಗ್ಲೋಬಲ್ ಸೀಡ್ ಫಂಡ್ಸ್ ಎಂಬ ಯೋಜನೆ ಇದೆ. ಅದರ ಹಣ ಮುಖ್ಯವಾಗಿ ಓಡಾಟಕ್ಕೆ, ಭೇಟಿಗೆ, ಕಾರ್ಯಾಗಾರಕ್ಕೆ. ಯುರೋಪಿನಲ್ಲಿ 1971ರಿಂದ ಇರುವ ಕಾಸ್ಟ್ ಎಂಬ ಸಂಸ್ಥೆಯಂತೂ ಸಂಶೋಧನೆಯ ಖರ್ಚನ್ನೇ ಕೊಡುವುದಿಲ್ಲ. ಹಲವು ದೇಶಗಳ ಸಂಶೋಧಕರು ಸೇರಿ ಸಭೆ ನಡೆಸುವುದಕ್ಕೆ, ಒಬ್ಬರ ಲ್ಯಾಬ್‌ಗೆ ಇನ್ನೊಬ್ಬರು ಕೆಲವು ವಾರ ಹೋಗಿ ಬರುವುದಕ್ಕೆ, ಇಂಥ ಸಂಪರ್ಕದ ಕೆಲಸಗಳಿಗೆ ಮಾತ್ರ ಕೊಡುತ್ತದೆ. ಐವತ್ತು ವರ್ಷಕ್ಕೂ ಜಾಸ್ತಿ ಕಾಲದಿಂದ ಅದು ಹಾಗೆಯೇ ನಡೆದು ಬಂದಿದೆ.

ಬರೀ ಓಡಾಟಕ್ಕೆ ಯಾಕೆ ಇಷ್ಟು ಬೆಲೆ? ಎಂಐಟಿಯ ಥಾಮಸ್ ಆಲನ್ 1970ರ ದಶಕದಲ್ಲೇ ತೋರಿಸಿಕೊಟ್ಟ ವಿಷಯ ಇದು. ಎಂಜಿನಿಯರ್‌ಗಳ ಮೇಜುಗಳ ನಡುವಿನ ದೂರ ಹೆಚ್ಚಾದಂತೆ ಅವರು ಕೆಲಸದ ಬಗ್ಗೆ ಮಾತಾಡುವುದು ಸರ್ರನೆ ಕಡಿಮೆಯಾಗುತ್ತದೆ. ಒಂದೇ ಕಟ್ಟಡದೊಳಗೇ ಹೀಗಾದರೆ ಬೇರೆ ದೇಶದ ಮಾತೇನು? ಹಾರ್ವರ್ಡ್ ವೈದ್ಯಕೀಯ ಶಾಲೆಯಲ್ಲಿ ನಡೆದು 2017ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗ ನಿಮ್ಮ ವಿಷಯಕ್ಕೆ ಇನ್ನೂ ಹತ್ತಿರ. ಒಂದು ಗ್ರಾಂಟ್‌ಗೆ ಅರ್ಜಿ ಹಾಕಲು ಬಂದ ಸಂಶೋಧಕರನ್ನು ಲಾಟರಿ ಎತ್ತಿದ ಹಾಗೆ ಬೇರೆ ಬೇರೆ ಕೋಣೆಗಳಲ್ಲಿ ಕೂರಿಸಿ 90 ನಿಮಿಷ ಮಾತಾಡಲು ಬಿಟ್ಟರು. ಒಂದೇ ಕೋಣೆಯಲ್ಲಿ ಕೂತ ಇಬ್ಬರು ಸೇರಿ ಅರ್ಜಿ ಹಾಕುವ ಸಾಧ್ಯತೆ 75% ಹೆಚ್ಚಾಯಿತು. ಆದರೆ ಮೂಲ ಅಂಕಿಯನ್ನೂ ನೋಡಬೇಕು. ಅದು 0.16%ರಿಂದ 0.28%ಕ್ಕೆ ಏರಿತ್ತು ಅಷ್ಟೆ. ಅಂದರೆ ಮುಖಾಮುಖಿ ಭೇಟಿಯಿಂದ ಖಂಡಿತ ಲಾಭ ಇದೆ, ಆದರೂ ಹೆಚ್ಚಿನ ಪರಿಚಯಗಳು ಪರಿಚಯಗಳಾಗಿಯೇ ಉಳಿಯುತ್ತವೆ. ನಿಮ್ಮದು ಸಮ್ಮೇಳನದ ಪರಿಚಯವನ್ನು ದಾಟಿ ಒಟ್ಟಿಗೆ ಏನಾದರೂ ಮಾಡೋಣ ಎಂಬ ಮಾತಿನವರೆಗೆ ಬಂದಿದೆ. ಅದೇ ಅಪರೂಪ.

ಇನ್ನು ನಿಮ್ಮ ಸಹೋದ್ಯೋಗಿಗಳ ಮಾತು. ಜೊತೆಯಾಗಿ ಪೇಪರ್ ಇಲ್ಲದಿದ್ದರೆ ಸಿಗುವುದಿಲ್ಲ ಎನ್ನುವುದು ದೊಡ್ಡ ಗ್ರಾಂಟ್‌ಗಳ ಅನುಭವದಿಂದ ಬಂದ ಮಾತು. ಸೀಡ್ ಗ್ರಾಂಟ್ ಇರುವುದೇ ಇನ್ನೂ ಪೇಪರ್ ಬರೆಯದ ಜೋಡಿಗಳಿಗಾಗಿ. ಆಗಲೇ ನಾಲ್ಕು ಪೇಪರ್ ಬರೆದವರು ಬಂದರೆ 'ಇವರಿಗೆ ಬೀಜದ ಹಣ ಯಾಕೆ' ಎಂದು ಸಮಿತಿಯಲ್ಲಿ ಕೇಳಿದ್ದನ್ನು ನಾನೇ ಕೇಳಿಸಿಕೊಂಡಿದ್ದೇನೆ. ಜೀವವಿಜ್ಞಾನಕ್ಕೆ ಹಣ ಕೊಡುವ ಹ್ಯೂಮನ್ ಫ್ರಾಂಟಿಯರ್ ಸೈನ್ಸ್ ಪ್ರೋಗ್ರಾಂ 1989ರಲ್ಲಿ ಶುರುವಾದದ್ದು. ದೊಡ್ಡ ಗ್ರಾಂಟೇ ಆದರೂ ಅದು ಬೇರೆ ಬೇರೆ ದೇಶಗಳ, ಬೇರೆ ಬೇರೆ ಪರಿಣತಿಯ ಹೊಸ ಜೋಡಿಗಳನ್ನೇ ಹುಡುಕುತ್ತದೆ. ಪ್ರಾಥಮಿಕ ಫಲಿತಾಂಶ ಇರಲೇಬೇಕು ಎಂದೂ ಕೇಳುವುದಿಲ್ಲ. ಪೇಪರ್ ಇಲ್ಲದ ಜಾಗದಲ್ಲಿ ನೀವು ತೋರಿಸಬೇಕಾದದ್ದು ಇಬ್ಬರೂ ಯಾಕೆ ಬೇಕು ಎಂಬುದನ್ನು. ಅವರಿಲ್ಲದೆ ನಿಮಗೆ ಏನು ಆಗುವುದಿಲ್ಲ, ನೀವಿಲ್ಲದೆ ಅವರಿಗೆ ಏನು ಆಗುವುದಿಲ್ಲ? ಇದನ್ನು ಎರಡೆರಡು ವಾಕ್ಯದಲ್ಲಿ ಬರೆಯಲು ಆಗದಿದ್ದರೆ ಮಾತ್ರ ಚಿಂತೆ ಮಾಡಿ.

ಎಂಒಯು ವಿಷಯದಲ್ಲಿ ನಿಮ್ಮ ಹಿರಿಯರ ಕಾಳಜಿ ಸರಿ, ಕ್ರಮ ಮಾತ್ರ ತಿರುಗುಮುರುಗು. ಎಂಒಯು ಎಂದರೆ ಸಾಮಾನ್ಯವಾಗಿ ಎರಡು ಸಂಸ್ಥೆಗಳ ನಡುವಿನ ಒಳ್ಳೆಯ ಮಾತಿನ ಕಾಗದ. 'ಸಹಕರಿಸುತ್ತೇವೆ' ಎಂದಿರುತ್ತದೆ. ಹಣ, ಸ್ಯಾಂಪಲ್, ಡೇಟಾ, ಪೇಟೆಂಟ್ ಬಗ್ಗೆ ಗಟ್ಟಿಯಾಗಿ ಏನೂ ಇರುವುದಿಲ್ಲ. ಕುಲಪತಿಗಳ ಸಹಿ, ಎರಡೂ ಕಡೆಯ ಕಾನೂನು ವಿಭಾಗ ಎಂದು ಸುಮ್ನೆ ತಿಂಗಳುಗಟ್ಟಲೆ ಎಳೆಯುತ್ತದೆ. ಸಹಿಯಾಗಿ ಫೋಟೋ ತೆಗೆಸಿಕೊಂಡ ಮೇಲೆ ಯಾರೂ ತಿರುಗಿ ನೋಡದ ಎಂಒಯುಗಳನ್ನು ನಾನು ಕಪಾಟಿನ ತುಂಬ ಕಂಡಿದ್ದೇನೆ. ನಿಮ್ಮ ವಿಶ್ವವಿದ್ಯಾಲಯದ ಪ್ರಕಟಣೆಯಲ್ಲೇ ಎಂಒಯು ಕಡ್ಡಾಯ ಎಂದಿದ್ದರೆ ಬೇರೆ ಮಾತು. ಅದನ್ನು ಇವತ್ತೇ ಓದಿ ನೋಡಿ. ಇಲ್ಲದಿದ್ದರೆ ಜೊತೆಗಾರರಿಂದ ಒಂದು ಒಪ್ಪಿಗೆ ಪತ್ರ ಸಾಕು. ಆ ಪತ್ರ ಮಾತ್ರ ಸೊಗಸಾದ ಹೊಗಳಿಕೆ ಆಗಬಾರದು. 'ನಮ್ಮ ಲ್ಯಾಬಿನ ಇಂಥ ವಿದ್ಯಾರ್ಥಿ ಇಷ್ಟು ವಾರ ಕೆಲಸ ಮಾಡುತ್ತಾರೆ, ಸೀಕ್ವೆನ್ಸಿಂಗ್ ಖರ್ಚು ನಮ್ಮದು' ಎಂಬಂಥ ಲೆಕ್ಕದ ಮಾತು ಇರಬೇಕು. ಅಂಥ ಪತ್ರ ಬರೆದುಕೊಡಲು ಅವರು ಹಿಂಜರಿದರೆ ಈ ಹಂತದಲ್ಲೇ ನಿಮಗೆ ಒಂದು ಉತ್ತರ ಸಿಕ್ಕಿತು.

ನಿಮಗೆ ನಿಜವಾಗಿ ಬೇಕಾದ ಕಾಗದ ಬೇರೆ ಇದೆ. ಮಣ್ಣಿನ ವಿಷಯವಾದ್ದರಿಂದ ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ನಾನು ನೋಡಿದ ಯೋಜನೆಗಳಲ್ಲಿ ತುಂಬ ಜನ ಎಡವಿದ್ದು ಇಲ್ಲಿಯೇ.

ಮಣ್ಣನ್ನು ಗಡಿ ದಾಟಿಸುವುದು ಸುಲಭ ಅಲ್ಲ. ರೋಗ, ಕೀಟ, ಕಳೆ ಬೀಜ ಬಂದೀತೆಂಬ ಭಯದಿಂದ ಹೆಚ್ಚಿನ ದೇಶಗಳು ಮಣ್ಣಿನ ಆಮದಿಗೆ ಕಟ್ಟುನಿಟ್ಟಿನ ಅನುಮತಿ ಕೇಳುತ್ತವೆ. ಇದು ಒಂದು. ಎರಡನೆಯದು ನಗೋಯಾ ಎಂಬ ಅಂತರರಾಷ್ಟ್ರೀಯ ಒಪ್ಪಂದ. 2010ರಲ್ಲಿ ಅಂಗೀಕಾರವಾಗಿ 2014ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂತು. ಒಂದು ದೇಶದ ಜೈವಿಕ ಸಂಪತ್ತನ್ನು ಸಂಶೋಧನೆಗೆ ಬಳಸಿದರೆ ಆ ದೇಶದ ಒಪ್ಪಿಗೆ ಬೇಕು, ಲಾಭ ಬಂದರೆ ಹಂಚಿಕೊಳ್ಳಬೇಕು ಎಂಬುದು ಅದರ ತಿರುಳು. ಗಿಡ, ಪ್ರಾಣಿ ಮಾತ್ರವಲ್ಲ, ಮಣ್ಣಿನ ಬ್ಯಾಕ್ಟೀರಿಯಾ ಕೂಡ ಅದರ ವ್ಯಾಪ್ತಿಗೆ ಬರುತ್ತದೆ. ಸ್ಯಾಂಪಲ್ ಯಾವ ದೇಶದ್ದೋ ಆ ದೇಶದ ಕಾನೂನು ಏನು ಹೇಳುತ್ತದೆ ಎಂದು ಮೊದಲೇ ತಿಳಿದುಕೊಳ್ಳಬೇಕು. ಮೂರನೆಯದು ಎರಡು ಸಂಸ್ಥೆಗಳ ನಡುವಿನ ವಸ್ತು ವರ್ಗಾವಣೆ ಒಪ್ಪಂದ. ಕಚೇರಿಗಳಲ್ಲಿ ಎಂಟಿಎ ಎನ್ನುತ್ತಾರೆ. ಯಾವ ಸ್ಯಾಂಪಲ್ ಹೋಗುತ್ತಿದೆ, ಯಾವ ಕೆಲಸಕ್ಕೆ ಮಾತ್ರ ಬಳಸಬಹುದು, ಮೂರನೆಯವರಿಗೆ ಕೊಡಬಹುದೇ, ಉಳಿದದ್ದನ್ನು ಏನು ಮಾಡಬೇಕು, ಇಷ್ಟೂ ಅದರಲ್ಲಿ ಇರುತ್ತದೆ. ನಿಮ್ಮನ್ನು ಕಾಪಾಡುವುದು ಎಂಟಿಎ, ಎಂಒಯು ಅಲ್ಲ.

ಒಂದು ಯೋಜನೆ ನನ್ನ ಮನಸ್ಸಿನಿಂದ ಹೋಗುವುದೇ ಇಲ್ಲ. ಹಣ ಮಂಜೂರಾಯಿತು, ವಿದ್ಯಾರ್ಥಿನಿಗೆ ಟಿಕೆಟ್ ಆಯಿತು, ಸ್ಯಾಂಪಲ್ ಡಬ್ಬಗಳು ಸಿದ್ಧವಾದವು. ಎಂಟಿಎ ಬಗ್ಗೆ ಯೋಚಿಸಿದ್ದು ಆಮೇಲೆ. ಅಲ್ಲಿನ ವಕೀಲರು ಒಂದು ಸಾಲು ತಿದ್ದುವುದು, ಇಲ್ಲಿನವರು ಇನ್ನೊಂದು ತಿದ್ದುವುದು, ಹೀಗೇ ಒಂಬತ್ತು ತಿಂಗಳು ಕಳೆಯಿತು. ಆ ಹುಡುಗಿ ಅಲ್ಲಿಗೆ ಹೋಗಿ ಬರಿಗೈಯಲ್ಲಿ ಕೂತು ಬಂದಳು. ಯಾರೂ ಕೆಟ್ಟವರಲ್ಲ, ಯಾರೂ ಮೋಸ ಮಾಡಲಿಲ್ಲ. ಆದರೂ ಎರಡು ಲ್ಯಾಬ್‌ಗಳ ನಡುವೆ ಮಾತು ತಣ್ಣಗಾಯಿತು. ಅದಕ್ಕೇ ಹೇಳುವುದು, ಅರ್ಜಿ ಹಾಕಿದ ದಿನವೇ ಎಂಟಿಎ ಕೆಲಸವನ್ನೂ ಶುರು ಮಾಡಿ. ಫಲಿತಾಂಶಕ್ಕೆ ಕಾಯಬೇಡಿ.

ಇದಕ್ಕೆ ಇನ್ನೊಂದು ದಾರಿಯೂ ಇದೆ, ನನಗೆ ತುಂಬ ಇಷ್ಟವಾದದ್ದು. ಮಣ್ಣನ್ನು ಕಳಿಸುವ ಬದಲು ಮನುಷ್ಯರನ್ನು ಕರೆಸಿಕೊಳ್ಳಿ. ಅವರ ಲ್ಯಾಬಿನ ವಿದ್ಯಾರ್ಥಿ ನಿಮ್ಮ ಲ್ಯಾಬ್‌ಗೆ ಬಂದು ಅವರ ವಿಧಾನದಲ್ಲಿ ಡಿಎನ್ಎ ತೆಗೆಯಲಿ. ಪಕ್ಕದ ಮೇಜಿನಲ್ಲಿ ನಿಮ್ಮ ವಿದ್ಯಾರ್ಥಿ ಅದೇ ಮಣ್ಣಿನಿಂದ ನಿಮ್ಮ ವಿಧಾನದಲ್ಲಿ ತೆಗೆಯಲಿ. ಹತ್ತು ಹನ್ನೆರಡು ಸ್ಯಾಂಪಲ್ ಸಾಕು. ಜೊತೆಗೆ ಮಣ್ಣೇ ಹಾಕದ ಖಾಲಿ ಟ್ಯೂಬ್ ಒಂದು, ಯಾವ ಬ್ಯಾಕ್ಟೀರಿಯಾ ಎಷ್ಟಿದೆ ಎಂದು ಮೊದಲೇ ಗೊತ್ತಿರುವ ಮಿಶ್ರಣ ಒಂದು ಇರಲಿ. ಡಿಎನ್ಎ ತೆಗೆಯುವ ವಿಧಾನ ಬದಲಾದರೆ ಕಾಣುವ ಸೂಕ್ಷ್ಮಜೀವಿಗಳ ಪಟ್ಟಿಯೂ ಬದಲಾಗುತ್ತದೆ, ಅದಕ್ಕೆ ಬಳಸುವ ರಾಸಾಯನಿಕ ಕಿಟ್‌ಗಳಲ್ಲೇ ಇರುವ ಬ್ಯಾಕ್ಟೀರಿಯಾದ ಡಿಎನ್ಎ ಕೂಡ ಒಳಗೆ ಸೇರಿಕೊಳ್ಳುತ್ತದೆ ಎಂಬುದು ನಿಮಗೆ ಗೊತ್ತೇ ಇದೆ. ಎರಡು ಲ್ಯಾಬ್‌ಗಳ ಉತ್ತರ ಹೊಂದುತ್ತದೆಯೇ ಎಂದು ತಿಳಿಯದೆ ಐದು ವರ್ಷದ ಯೋಜನೆ ಬರೆದರೆ ಅದು ಮರಳಿನ ಮೇಲೆ ಕಟ್ಟಿದ ಮನೆ. ಇದನ್ನು ತಿಳಿಯಲು ದೊಡ್ಡ ಹಣ ಬೇಡ. ಇಬ್ಬರು ವಿದ್ಯಾರ್ಥಿಗಳು, ಕೆಲವು ವಾರ, ಸ್ವಲ್ಪ ರಾಸಾಯನಿಕ. 'ಇಷ್ಟು ಹಣದಲ್ಲಿ ಏನು ಸಾಧ್ಯ' ಎಂದು ಕೇಳಿದಿರಲ್ಲ, ಇದು ಸಾಧ್ಯ. ಆಮೇಲೆ ಡಿಎನ್ಎಯನ್ನು ಅವರ ಕಡೆ ಕಳಿಸುವುದು ಮಣ್ಣು ಕಳಿಸುವುದಕ್ಕಿಂತ ಹಗುರ. ನಗೋಯಾ ಮತ್ತು ಎಂಟಿಎ ಆಗಲೂ ಬೇಕು, ಅದು ತಪ್ಪುವುದಿಲ್ಲ. ಅತಿಥಿಯ ಪ್ರಯಾಣಕ್ಕೆ ನಿಮ್ಮ ಗ್ರಾಂಟ್‌ನಿಂದ ಕೊಡಬಹುದೇ, ಅವರ ವೀಸಾದಲ್ಲಿ ಲ್ಯಾಬ್ ಕೆಲಸಕ್ಕೆ ಅವಕಾಶ ಇದೆಯೇ, ಇವೆರಡನ್ನೂ ಕಚೇರಿಯಲ್ಲಿ ಬರಹದಲ್ಲೇ ಕೇಳಿಕೊಳ್ಳಿ.

ಅದಕ್ಕೂ ಮುಂಚೆ ನಿಮ್ಮ ಹಳೆಯ ಸ್ಯಾಂಪಲ್‌ಗಳನ್ನು ಒಮ್ಮೆ ನಿಷ್ಠುರವಾಗಿ ನೋಡಿ. ಒಣಗಿಸಿ ಇಟ್ಟಿದ್ದೀರೋ, ಫ್ರೀಜರ್‌ನಲ್ಲೋ? ನಡುವೆ ಕರೆಂಟ್ ಹೋಗಿ ಕರಗಿತ್ತೇ? ಯಾವ ಆಳದ ಮಣ್ಣು, ಯಾವ ಬೆಳೆ, ಯಾವ ತಿಂಗಳು ಎಂಬ ದಾಖಲೆ ಎಲ್ಲದಕ್ಕೂ ಇದೆಯೇ? ನಿಮ್ಮ ಬಲ ಇರುವುದು ಆ ದಾಖಲೆಯಲ್ಲಿ. ದಾಖಲೆಯ ಜೊತೆ ರೈತರ ಹೆಸರು, ಹೊಲದ ಗುರುತು ಇದ್ದರೆ ಅದು ವೈಯಕ್ತಿಕ ಮಾಹಿತಿ. ಕಳಿಸುವ ಮುಂಚೆ ಹೆಸರು ತೆಗೆದು ಕೋಡ್ ಹಾಕಿ.

ಈಗ ಐಡಿಯಾ ಕದಿಯುವ ಭಯ. ಹಾಗೆ ಆಗುವುದೇ ಇಲ್ಲ ಎಂದು ನಾನು ಹೇಳುವುದಿಲ್ಲ. ಆಗಿದ್ದನ್ನು ನೋಡಿದ್ದೇನೆ. ಆದರೆ ನಿಮ್ಮ ವಿಷಯದಲ್ಲಿ ಐಡಿಯಾ ಒಂದೇ ಇಟ್ಟುಕೊಂಡು ಯಾರೂ ಏನೂ ಮಾಡಲಾರರು. ಹಲವು ವರ್ಷದ ಸ್ಯಾಂಪಲ್ ನಿಮ್ಮ ಹತ್ತಿರವೇ ಇದೆ ಅಲ್ವಾ? ಹಾಗಾಗಿ ಪ್ರಶ್ನೆಯನ್ನು ಧಾರಾಳವಾಗಿ ಹಂಚಿಕೊಳ್ಳಿ. ಕಚ್ಚಾ ಡೇಟಾ ಮತ್ತು ಪೂರ್ತಿ ಸಂಗ್ರಹವನ್ನು ಒಪ್ಪಂದ ಆದ ಮೇಲೆ, ಹಂತ ಹಂತವಾಗಿ ಕೊಡಿ. ಮಾತಾಡಿದ ಪ್ರತಿ ಸಲವೂ ಅದೇ ದಿನ 'ನಾವು ಇವತ್ತು ಇದನ್ನು ಮಾತಾಡಿದೆವು' ಎಂದು ನಾಲ್ಕು ಸಾಲಿನ ಇಮೇಲ್ ಹಾಕಿ. ಮುಂದೆ ಯಾರಿಗೆ ಯಾವ ಯೋಚನೆ ಯಾವಾಗ ಬಂತು ಎಂಬ ಗೊಂದಲಕ್ಕೆ ಇದಕ್ಕಿಂತ ಒಳ್ಳೆಯ ಔಷಧ ನನಗೆ ಗೊತ್ತಿಲ್ಲ. ಪೇಟೆಂಟ್ ಆಗಬಹುದಾದ ವಿಷಯ ಇದ್ದರೆ ಮಾತ್ರ ಮೊದಲೇ ಗೌಪ್ಯತೆಯ ಒಪ್ಪಂದ ಮಾಡಿಕೊಳ್ಳಿ.

ನನಗೆ ಕಳ್ಳತನಕ್ಕಿಂತ ಜಾಸ್ತಿ ಕಾಡುವುದು ಇನ್ನೊಂದು ಅಪಾಯ. ಸ್ಯಾಂಪಲ್ ಒಂದು ಕಡೆಯಿಂದ, ವಿಶ್ಲೇಷಣೆ ಇನ್ನೊಂದು ಕಡೆ, ಪೇಪರಿನ ಲೇಖಕರ ಪಟ್ಟಿಯಲ್ಲಿ ಮುಖ್ಯ ಜಾಗಗಳಾದ ಮೊದಲ ಮತ್ತು ಕೊನೆಯ ಹೆಸರು ಎರಡೂ ವಿಶ್ಲೇಷಣೆ ಮಾಡಿದವರದ್ದು. ಸ್ಯಾಂಪಲ್ ಕೊಟ್ಟವರ ಹೆಸರು ನಡುವೆ ಎಲ್ಲೋ. ಇದಕ್ಕೆ ಹೆಲಿಕಾಪ್ಟರ್ ಸಂಶೋಧನೆ ಎಂಬ ಹೆಸರೇ ಇದೆ. ಮೇಲಿನಿಂದ ಇಳಿದು, ಬೇಕಾದ್ದು ಎತ್ತಿಕೊಂಡು, ಹಾರಿಹೋಗುವುದು. ಒಳ್ಳೆಯ ಜನರ ನಡುವೆಯೂ ಇದು ನಡೆದುಹೋಗುತ್ತದೆ, ಯಾಕೆಂದರೆ ಯಾರೂ ಮೊದಲೇ ಮಾತಾಡಿರುವುದಿಲ್ಲ. ಗಡಿ ದಾಟುವ ಸಂಶೋಧನೆಗಳ ಪ್ರಾಮಾಣಿಕತೆ ಬಗ್ಗೆ 2013ರಲ್ಲಿ ಬಂದ ಮಾಂಟ್ರಿಯಲ್ ಹೇಳಿಕೆ 20 ಜವಾಬ್ದಾರಿಗಳನ್ನು ಪಟ್ಟಿ ಮಾಡಿದೆ. ಲೇಖಕತ್ವದ ಬಗ್ಗೆ ಶುರುವಿನಲ್ಲೇ ಒಪ್ಪಂದಕ್ಕೆ ಬನ್ನಿ ಎಂಬುದು ಅದರಲ್ಲೂ ಇದೆ. ಕ್ರೆಡಿಟ್ ಎಂಬ ಪಟ್ಟಿಯೊಂದು ಇದಕ್ಕೆ ಒಳ್ಳೆಯ ಸಾಧನ. ಯೋಚನೆ, ವಿಧಾನ, ಡೇಟಾ ಸಂಗ್ರಹ, ಸಾಫ್ಟ್‌ವೇರ್, ಬರವಣಿಗೆ ಹೀಗೆ 14 ಪಾತ್ರಗಳಾಗಿ ಕೆಲಸವನ್ನು ವಿಂಗಡಿಸುತ್ತದೆ. ಈಗ ಎಷ್ಟೋ ಜರ್ನಲ್‌ಗಳು ಅದನ್ನೇ ಕೇಳುತ್ತವೆ. ನೀವಿಬ್ಬರೂ ಆ ಪಟ್ಟಿ ಮುಂದಿಟ್ಟುಕೊಂಡು ಯಾರ ಹೆಸರು ಎಲ್ಲಿ ಎಂದು ತುಂಬಿ ನೋಡಿ. ಅರ್ಧ ಗಂಟೆಯ ಕೆಲಸ. ನಿಮ್ಮ ಹೆಸರು ಬರೀ ಸ್ಯಾಂಪಲ್ ಸಾಲಿನಲ್ಲಿ ಬಂದರೆ ಯೋಜನೆಯನ್ನೇ ಬದಲಿಸಿ. ನಿಮ್ಮ ವಿದ್ಯಾರ್ಥಿ ಅಲ್ಲಿಗೆ ಹೋಗಿ ವಿಶ್ಲೇಷಣೆ ಕಲಿತು ಬರುವುದನ್ನು ಸೇರಿಸಿ. ವರ್ಷದ ನಂತರ ಏನೂ ಆಗದಿದ್ದರೂ ಆ ಕಲಿಕೆ ನಿಮ್ಮ ಲ್ಯಾಬ್‌ನಲ್ಲೇ ಉಳಿಯುತ್ತದೆ.

ದೊಡ್ಡ ಗ್ರಾಂಟ್ ಬರದಿದ್ದರೆ ಕಪ್ಪುಚುಕ್ಕೆಯೇ ಎಂದು ಕೇಳಿದ್ದೀರಿ. ನಿಯಮದಂತೆ ಖರ್ಚು ಮಾಡಿ, ಲೆಕ್ಕ ಕೊಟ್ಟು, ವರದಿ ಸಲ್ಲಿಸಿದ್ದರೆ ಸಾಮಾನ್ಯವಾಗಿ ಯಾರೂ ಹಣ ವಾಪಸ್ ಕೇಳುವುದಿಲ್ಲ. ವಾಪಸ್ ಹೋಗುವುದು ಖರ್ಚಾಗದೆ ಉಳಿದ ಹಣ. ಒಂದು ವರ್ಷ ಎಂದರೆ ಲೆಕ್ಕದ ವರ್ಷವೋ, ಮಂಜೂರಾದ ದಿನದಿಂದ ವರ್ಷವೋ ಎಂದು ಕೇಳಿಕೊಳ್ಳಿ. ಎಷ್ಟೋ ಜನ ಇದರಲ್ಲೇ ಮೂರು ನಾಲ್ಕು ತಿಂಗಳು ಕಳೆದುಕೊಂಡಿದ್ದಾರೆ. 'ಎರಡು ಲ್ಯಾಬಿನ ಫಲಿತಾಂಶ ಹೊಂದಲಿಲ್ಲ, ಕಾರಣ ಇದು' ಎಂದು ಬರೆದ ವರದಿಯನ್ನು ನಾನು ಗೌರವದಿಂದ ಓದಿದ್ದೇನೆ. ಅದು ಉತ್ತರ. ಹೆಸರು ಕೆಡುವುದು ವರದಿಯನ್ನೇ ಕೊಡದಿದ್ದಾಗ, ಅಥವಾ ಅರ್ಜಿಯಲ್ಲಿ ಆಕಾಶ ತೋರಿಸಿ ಕೊನೆಗೆ ಒಂದು ಪ್ರವಾಸದ ಫೋಟೋ ತೋರಿಸಿದಾಗ.

ಹಾಗಾದರೆ ನಿಮ್ಮ ಮುಂದೆ ಇರುವ ದಾರಿಗಳು? ಈ ಸಲವೇ ಅರ್ಜಿ ಹಾಕಬಹುದು. ನಾನು ಹೇಳಿದ ಹಾಗೆ ಒಂದೇ ಪ್ರಯೋಗ, ಒಂದೇ ಪ್ರಶ್ನೆ, ಇಬ್ಬರು ವಿದ್ಯಾರ್ಥಿಗಳು. ಇದರ ಅಪಾಯ ಕಾಗದ ಪತ್ರ ತಡವಾಗುವುದು, ಅದರಲ್ಲೂ ಎಂಟಿಎ. ಅದಕ್ಕೆ ಅರ್ಜಿಯಲ್ಲೇ ಪರ್ಯಾಯ ಬರೆದಿಡಿ. ಡಿಎನ್ಎ ಕಳಿಸಲು ಆಗದಿದ್ದರೆ ಸೀಕ್ವೆನ್ಸಿಂಗ್ ನಿಮ್ಮ ಕಡೆಯೇ ಮಾಡಿಸಿ ಡೇಟಾ ಹಂಚಿಕೊಳ್ಳುವುದು. ಡೇಟಾಕ್ಕೂ ನಿಯಮಗಳಿರಬಹುದು, ಕೇಳಿಕೊಂಡೇ ಮುಂದುವರಿಯಿರಿ. ಅರ್ಜಿ ಪರಿಶೀಲಿಸುವ ರಿವ್ಯೂವರ್‌ಗಳಿಗೆ ಇಂಥ ಪರ್ಯಾಯ ಕಂಡರೆ ಧೈರ್ಯ ಬರುತ್ತದೆ.

ಒಂದು ವರ್ಷ ಕಾಯಬಹುದು. ಈ ನಡುವೆ ಹಣವಿಲ್ಲದೆಯೇ ಏನಾದರೂ ಚಿಕ್ಕದು ಒಟ್ಟಿಗೆ ಮಾಡಬಹುದು. ಅವರ ಮಾಡೆಲ್‌ಗೆ ನಿಮ್ಮ ಹಳೆಯ, ಆಗಲೇ ಪ್ರಕಟವಾದ ಡೇಟಾ ಹಾಕಿ ನೋಡುವುದು ಸುಲಭದ ಆರಂಭ. ಆದರೆ ಹಣವಿಲ್ಲದ ಕೆಲಸ ಇಬ್ಬರ ಪಟ್ಟಿಯಲ್ಲೂ ಕೊನೆಗೆ ಹೋಗುತ್ತದೆ, ಉತ್ಸಾಹ ಆರಿಹೋಗುತ್ತದೆ. ಇನ್ನು ಮೂರನೆಯದು, ಹಿರಿಯ ಸಹೋದ್ಯೋಗಿಯನ್ನು ಮುಂದಿಟ್ಟು ಅರ್ಜಿ ಹಾಕುವುದು. ಹಣ ಸಿಗುವ ಸಾಧ್ಯತೆ ಹೆಚ್ಚು ಎಂದು ಅನೇಕರು ಹೀಗೆ ಮಾಡುತ್ತಾರೆ. ಸಂಪರ್ಕ ನಿಮ್ಮದು, ಸ್ಯಾಂಪಲ್ ನಿಮ್ಮದು, ಮೂರನೆಯ ವರ್ಷದಲ್ಲಿ ನಿಮಗೆ ಬೇಕಾದದ್ದು ನಿಮ್ಮ ಹೆಸರಿನ ಗ್ರಾಂಟ್. ಇದನ್ನು ಮಾಡಬೇಡಿ ಎಂದೇ ನಾನು ಹೇಳುತ್ತೇನೆ. ಅವರು ಸಲಹೆಗಾರರಾಗಿ ಇರಲಿ.

ನಾನಾಗಿದ್ದರೆ ಮೊದಲನೆಯದನ್ನೇ ಆರಿಸುತ್ತಿದ್ದೆ. ಆದರೆ ಅರ್ಜಿಯ ಫಾರಂ ತೆರೆಯುವ ಮುಂಚೆ ನಿಮ್ಮ ಜೊತೆಗಾರರಿಗೆ ಈ ವಾರವೇ ಒಂದು ಪತ್ರ ಬರೆಯಿರಿ. ಮೂರೇ ವಿಷಯ ಕೇಳಿ. ನಿಮ್ಮ ಲ್ಯಾಬ್‌ನಿಂದ ಈ ಕೆಲಸಕ್ಕೆ ಯಾರು, ಎಷ್ಟು ವಾರ ಸಿಗುತ್ತಾರೆ? ನಿಮ್ಮಲ್ಲಿ ಎಂಟಿಎ ನೋಡಿಕೊಳ್ಳುವವರು ಯಾರು, ನಾನು ಅವರ ಜೊತೆ ಮಾತಾಡಬಹುದೇ? ಮೊದಲ ಪೇಪರ್ ಬಂದರೆ ಅದರಲ್ಲಿ ಯಾರ ಕೆಲಸ ಏನು ಎಂದು ನೀವು ಅಂದುಕೊಂಡಿದ್ದೀರಿ? ಸಮ್ಮೇಳನದ ಬಿಡುವಿನಲ್ಲಿ ಕೇಳಲು ಮುಜುಗರವಾಗುವ ಪ್ರಶ್ನೆಗಳು ಇವು. ಪತ್ರದಲ್ಲಿ ಕೇಳಿದರೆ ಕೆಲಸದ ಮಾತಾಗುತ್ತದೆ. ಎರಡು ವಾರದೊಳಗೆ ಸ್ಪಷ್ಟ ಉತ್ತರ ಬಂದರೆ ಅರ್ಜಿ ಬರೆಯಲು ಕೂತುಕೊಳ್ಳಿ.